‘ಹ್ಯಾವ್’ ಅಂದ್ರೆ ಕನ್ನಡದಲ್ಲಿ ಏನು?

ಅಮ್ಮನ ಫೋನನ್ನು ಕನ್ನಡಕ್ಕೆ ಬದಲಾಯಿಸಿ ಕೊಟ್ಟಿದ್ದು ನಾನೇ. ಇಂಗ್ಲಿಷ್ ಅಕ್ಷರ ಕಂಡರೆ ಸಾಕು, ಫೋನನ್ನು ಪಕ್ಕಕ್ಕೆ ಇಟ್ಟುಬಿಡುತ್ತಿದ್ದಳು. ಕನ್ನಡ ಬಂದ ಮೇಲೆ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದೋದು ಶುರುವಾಯಿತು. ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಜಗಲಿ ಮೇಲೆ ಕೂತು ಹಾಗೇ ಓದುತ್ತಿದ್ದವಳು ಒಂದು ಕಡೆ ನಿಂತಳು. ‘ನೀವು 3 ಹೊಸ ಸಂದೇಶಗಳನ್ನು ಹೊಂದಿದ್ದೀರಿ.’ ಎರಡು ಸಲ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಇದೇನೇ ಇದು, ಹೊಂದಿದ್ದೀರಿ ಅಂದ್ರೆ? ಹೊಂದೋದು ಅಂದ್ರೆ ಜಾತಕ ಹೊಂದೋದು. ಮೆಸೇಜು ಹೆಂಗೆ ಹೊಂದುತ್ತೆ?’ ಎಂದು ಕೇಳಿದಳು. ‘ಮೂರು ಮೆಸೇಜ್ ಬಂದಿದೆ ಅಂತಮ್ಮ’ ಅಂದೆ. ‘ಹಂಗೇ ಬರೀಬಹುದಿತ್ತಲ್ಲ’ ಅಂದಳು. ಅಷ್ಟೇ. ಮುಂದಿನ ಸಾಲಿಗೆ ಹೋದಳು.

ನನಗೆ ಮುಂದೆ ಹೋಗಲು ಆಗಲಿಲ್ಲ. ಯಾಕೆ ಹಾಗೆ ಬರೆದಿದ್ದಾರೆ ಅನ್ನೋದು ಗೊತ್ತಿತ್ತು. ಇಂಗ್ಲಿಷಿನಲ್ಲಿ ‘ಯು ಹ್ಯಾವ್’ ಎಂದು ಇದ್ದಿರುತ್ತದೆ. ‘ಹ್ಯಾವ್’ ಎದುರಾದ ಕಡೆಯೆಲ್ಲ ‘ಹೊಂದು’ ಇಡುವುದು ಒಂದು ರೂಢಿಯಾಗಿಬಿಟ್ಟಿದೆ. ‘ನೀವು ಸಾಕಷ್ಟು ಬ್ಯಾಲೆನ್ಸ್ ಹೊಂದಿಲ್ಲ.’ ‘ನಟ ಮೂರು ಕಾರುಗಳನ್ನು ಹೊಂದಿದ್ದಾರೆ.’ ‘ದಂಪತಿ ಇಬ್ಬರು ಮಕ್ಕಳನ್ನು ಹೊಂದಿದ್ದಾರೆ.’ ಓದಿ ಓದಿ ನಮಗೆ ಇದು ಅಭ್ಯಾಸವಾಗಿದೆ. ಆದರೆ ಯಾರ ಮನೆಯಲ್ಲಾದರೂ, ಯಾರ ಬಾಯಲ್ಲಾದರೂ ‘ನಾನು ಇಬ್ಬರು ಮಕ್ಕಳನ್ನು ಹೊಂದಿದ್ದೇನೆ’ ಅನ್ನೋ ಮಾತು ಕೇಳಿದ್ದೀರಾ? ನಾನು ಕೇಳಿಲ್ಲ.

‘ಹೊಂದು’ ನಮ್ಮದೇ ಹಳೆಯ ಮಾತು. ಪ್ರಗತಿ ಹೊಂದು, ನಿಧನ ಹೊಂದು ಎಂದು ಬರಹದಲ್ಲಿ ಬಹಳ ಕಾಲದಿಂದ ಇದೆ. ಪಡೆಯುವ, ತಲುಪುವ ಅರ್ಥ ಅದಕ್ಕೆ ಹೊಸದಲ್ಲ. ಆದರೆ ಮನೆಮಾತಿನಲ್ಲಿ ಅದರ ಜೀವ ಬೇರೆ ಕಡೆ ಇದೆ. ಜಾತಕ ಹೊಂದುತ್ತದೆ. ಸೀರೆಗೆ ರವಿಕೆಯ ಬಣ್ಣ ಹೊಂದುತ್ತದೆ. ಹೊಸ ಸೊಸೆ ಮನೆಗೆ ಹೊಂದಿಕೊಳ್ಳುತ್ತಾಳೆ. ತಿಂಗಳ ಕೊನೆಯಲ್ಲಿ ದುಡ್ಡು ಹೊಂದಿಸುತ್ತೇವೆ. ಎರಡು ಬೇರೆ ಬೇರೆ ಇದ್ದವು ಹತ್ತಿರ ಬಂದು, ಒಂದಕ್ಕೊಂದು ಕೂಡಿಕೊಳ್ಳುವ ಮಾತು ಅದು. ಅಮ್ಮ ಕೇಳಿದ್ದು ಸರಿಯಾಗೇ ಇತ್ತು.

ಕೆಂಪು ಗೀಟು

ಆ ರಾತ್ರಿ ನೆನಪಾದದ್ದು ಎಂಟನೇ ಕ್ಲಾಸಿನ ಒಂದು ನೋಟ್‌ಬುಕ್. ನಾವೆಲ್ಲ ಕನ್ನಡ ಮೀಡಿಯಂನವರು, ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದವರು. ಎಂಟಕ್ಕೆ ಬರೋ ಹೊತ್ತಿಗೆ ‘ಮೈ ಫ್ಯಾಮಿಲಿ’ ಎಂದು ಹತ್ತು ಸಾಲು ಬರೆಯಬೇಕಿತ್ತು. ಗೈಡ್ ನೋಡದೆ ನಾನೇ ಬರೆಯಬೇಕು ಎಂದು ಹಟ ನನಗೆ. ಮನಸ್ಸಿನಲ್ಲಿ ‘ನನಗೆ ಒಬ್ಬ ತಮ್ಮ ಇದ್ದಾನೆ’ ಎಂದುಕೊಂಡೆ. ‘ನನಗೆ’ಗೆ ‘ಟು ಮಿ’. ‘ಒಬ್ಬ ತಮ್ಮ’ನಿಗೆ ‘ಒನ್ ಬ್ರದರ್’. ‘ಇದ್ದಾನೆ’ಗೆ ‘ಈಸ್’. ‘ಟು ಮಿ ಒನ್ ಬ್ರದರ್ ಈಸ್’ ಎಂದು ದುಂಡಗೆ ಬರೆದು ಮೇಷ್ಟ್ರ ಮೇಜಿನ ಮೇಲೆ ಇಟ್ಟೆ.

ಮೇಷ್ಟ್ರು ಬೈಯಲಿಲ್ಲ. ಸಾಲಿನ ಮೇಲೆ ಕೆಂಪು ಗೀಟು ಎಳೆದು, ಮೇಲೆ ‘ಐ ಹ್ಯಾವ್ ಎ ಬ್ರದರ್’ ಎಂದು ಬರೆದರು. ‘ಈಸ್ ಅಂದ್ರೆ ಇದೆ ಅಂತಲ್ವಾ ಸಾರ್?’ ಎಂದು ಕೇಳಿದೆ. ‘ಹೂಂ, ಈಸ್ ಅಂದ್ರೆ ಇದೆ. ಹ್ಯಾವ್ ಅಂದ್ರೂ ಇದೆ’ ಅಂದರು. ನಾನು ಜಾಗಕ್ಕೆ ಬಂದು ಕೂತೆ. ಎರಡಕ್ಕೂ ಒಂದೇ ಅರ್ಥ ಆದರೆ ನಂದು ಯಾಕೆ ತಪ್ಪು? ಕೇಳಲು ಧೈರ್ಯ ಬರಲಿಲ್ಲ. ಮೇಷ್ಟ್ರಿಗೂ ಅವರ ಮೇಷ್ಟ್ರು ಹಾಗೇ ಹೇಳಿಕೊಟ್ಟಿದ್ದಿರಬೇಕು. ಕನ್ನಡದಲ್ಲಿ ‘ಹ್ಯಾವ್’ಗೆ ಸರಿಯಾದ ಕ್ರಿಯಾಪದವೇ ಇಲ್ಲ ಕಣಮ್ಮ, ನಮ್ಮಲ್ಲಿ ‘ಇರು’ ಒಂದೇ ಆ ಕೆಲಸ ಮಾಡುತ್ತೆ ಎಂದು ಒಂದು ಮಾತು ಅವತ್ತು ಯಾರಾದರೂ ಹೇಳಿದ್ದರೆ, ನನ್ನಂಥ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಅಷ್ಟು ಭಯ ಹುಟ್ಟಿಸುತ್ತಿರಲಿಲ್ಲ. ಇವತ್ತಿಗೂ ಇಂಗ್ಲಿಷ್ ಕಲಿಸುವವರಿಗೆ ನಾನು ಹೇಳೋದು ಇದನ್ನೇ. ಮಗು ತಪ್ಪು ಬರೆದಿಲ್ಲ. ತನ್ನ ಭಾಷೆಯಲ್ಲಿ ಸರಿಯಾಗಿ ಯೋಚಿಸಿದೆ. ಅದನ್ನು ಮೊದಲು ಹೇಳಿ, ಆಮೇಲೆ ಗೀಟು ಎಳೆಯಿರಿ.

ಕಾಲೇಜಿಗೆ ಬಂದಾಗ ‘ಐ ಆಮ್ ಹ್ಯಾವಿಂಗ್ ಒನ್ ಬ್ರದರ್’ ಎನ್ನತೊಡಗಿದೆ. ನಮ್ಮ ಬೆಂಚಿನವರೆಲ್ಲ ಹಾಗೇ ಅನ್ನುತ್ತಿದ್ದರು. ಕಾಫಿ ಕುಡಿಯುತ್ತಾ ‘ಐ ಆಮ್ ಹ್ಯಾವಿಂಗ್ ಕಾಫಿ’ ಅಂದರೆ ಸರಿ, ತಮ್ಮನ ವಿಷಯದಲ್ಲಿ ಅಂದರೆ ತಪ್ಪು. ಕಾಫಿ ಕುಡಿಯೋದು ಈಗ ನಡೆಯುತ್ತಿರುವ ಕೆಲಸ. ತಮ್ಮ ಇರೋದು ಕೆಲಸ ಅಲ್ಲ, ಸ್ಥಿತಿ. ಒಂದೇ ಪದ ಕುಡಿಯುವುದಕ್ಕೂ ಬರುತ್ತದೆ, ಸ್ನಾನಕ್ಕೂ ಬರುತ್ತದೆ, ಜ್ವರಕ್ಕೂ ಬರುತ್ತದೆ. ‘ಹ್ಯಾವ್ ಟು ಗೋ’ ಅಂದರೆ ‘ಹೋಗಬೇಕು’ ಆಗುತ್ತದೆ. ‘ಹ್ಯಾವ್ ಗಾನ್’ ಅಂದರೆ ‘ಹೋಗಿದ್ದೇನೆ’ ಆಗುತ್ತದೆ. ನಾವು ಇಷ್ಟಕ್ಕೆಲ್ಲ ಬೇರೆ ಬೇರೆ ಮಾತು ಇಟ್ಟುಕೊಂಡಿದ್ದೇವೆ.

ಇನ್ನೊಂದು ಗಮನಿಸಿ. ನಮ್ಮ ದಿನದ ಮಾತಿಗೆ ಎಷ್ಟು ಇಂಗ್ಲಿಷ್ ಕ್ರಿಯಾಪದ ಬಂದಿವೆ! ಅಡ್ಜಸ್ಟ್ ಮಾಡು, ಮಿಸ್ ಮಾಡು, ಟ್ರೈ ಮಾಡು, ವೇಟ್ ಮಾಡು. ಆದರೆ ‘ಹ್ಯಾವ್ ಮಾಡು’ ಎಂದು ಯಾರೂ ಅನ್ನಲಿಲ್ಲ. ಅಷ್ಟೊಂದು ಬಳಕೆಯ ಪದ, ಆದರೂ ಒಳಗೆ ಬರಲೇ ಇಲ್ಲ.

ಹಿಡಿದದ್ದು

‘ಹ್ಯಾವ್’ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದಾಗ ನನಗೆ ಸಿಕ್ಕಿದ್ದು ಒಂದು ಕೈ. ಹಳೆಯ ಇಂಗ್ಲಿಷಿನಲ್ಲಿ ಅದು ‘ಹಬ್ಬನ್’. ಅದಕ್ಕೂ ಹಿಂದೆ ಹೋದರೆ ‘ಕಪ್’ ಎಂಬ ಧಾತು. ಅರ್ಥ, ಹಿಡಿ, ಕೈಯಲ್ಲಿ ಬಿಗಿಯಾಗಿ ಹಿಡಿ. ಲ್ಯಾಟಿನ್ನಿನ ‘ಕಪೆರೆ’ ಇದೇ ಧಾತುವಿನದು. ಅಲ್ಲಿಂದಲೇ ‘ಕ್ಯಾಪ್ಚರ್’ ಬಂತು, ಸೆರೆಸಿಕ್ಕವನಿಗೆ ಹೇಳುವ ‘ಕ್ಯಾಪ್ಟಿವ್’ ಬಂತು. ಅಂದರೆ ‘ಹ್ಯಾವ್’ ಮತ್ತು ‘ಕ್ಯಾಪ್ಚರ್’ ಒಂದೇ ಬೇರಿನವು. ಲ್ಯಾಟಿನ್ನಿನಲ್ಲಿ ‘ಹಬೆರೆ’ ಎಂಬ ಇನ್ನೊಂದು ಪದ ಇದೆ. ಅದರ ಅರ್ಥವೂ ‘ಹ್ಯಾವ್’ನದೇ, ಸದ್ದೂ ಹಾಗೇ ಇದೆ. ಆದರೂ ಅದಕ್ಕೂ ಇದಕ್ಕೂ ನೆಂಟಸ್ತನ ಇಲ್ಲ ಎಂದು ಭಾಷೆ ಬಲ್ಲವರು ಹೇಳುತ್ತಾರೆ.

‘ಕ’ ಇದ್ದದ್ದು ‘ಹ’ ಆದದ್ದಕ್ಕೂ ಒಂದು ನಿಯಮ ಇದೆ. ಅಜ್ಜಿಕಥೆಗಳನ್ನು ಕೂಡಿಹಾಕಿದ ಜರ್ಮನಿಯ ಗ್ರಿಮ್ ಸೋದರರಲ್ಲಿ ದೊಡ್ಡವನಾದ ಯಾಕೋಬ್ ಗ್ರಿಮ್ 1822ರಲ್ಲಿ ಅದನ್ನು ವಿವರಿಸಿದ. ಲ್ಯಾಟಿನ್ನಿನಲ್ಲಿ ‘ಕ’ ಉಳಿಯಿತು, ಇಂಗ್ಲಿಷಿನ ಕಡೆಯ ಭಾಷೆಗಳಲ್ಲಿ ‘ಹ’ ಆಯಿತು. ಕೊಂಬಿಗೆ ಅಲ್ಲಿ ‘ಕೊರ್ನು’, ಇಲ್ಲಿ ‘ಹಾರ್ನ್’. ನೂರಕ್ಕೆ ಅಲ್ಲಿ ‘ಕೆಂಟುಮ್’, ಇಲ್ಲಿ ‘ಹಂಡ್ರೆಡ್’. ಇದನ್ನು ಓದುವಾಗ ನನಗೆ ನಮ್ಮ ಹಾಲು, ಹೂವು, ಹುಲಿ ನೆನಪಾದವು. ಹಳಗನ್ನಡದಲ್ಲಿ ಅವು ಪಾಲ್, ಪೂ, ಪುಲಿ. ನಮ್ಮಲ್ಲಿ ‘ಪ’ ಹೋಗಿ ‘ಹ’ ಬಂತು. ‘ಹೊಂದು’ ಕೂಡ ಮೊದಲು ‘ಪೊಂದು’ ಆಗಿತ್ತು. ಫೋನಿನ ಪರದೆ ಮೇಲೆ ಒಂದರ ಬದಲಿಗೆ ಒಂದು ಕೂತಿರುವ ಈ ‘ಹ್ಯಾವ್’ ಮತ್ತು ‘ಹೊಂದು’, ಎರಡರ ‘ಹ’ವೂ ಆಮೇಲೆ ಬಂದದ್ದು. ಒಂದರ ಹಿಂದೆ ಹೋದರೆ ಹಿಡಿಯುವ ಕೈ ಇದೆ. ಇನ್ನೊಂದರ ಹಿಂದೆ ಹೋದರೆ ಕೂಡಿಕೊಳ್ಳುವುದು ಇದೆ.

ಆದರೆ ಯುರೋಪಿನವರೆಲ್ಲ ಮೊದಲಿಂದ ಹಿಡಿದುಕೊಂಡೇ ಮಾತಾಡಿದವರಲ್ಲ. ಲ್ಯಾಟಿನ್ನಿನಲ್ಲಿ ‘ಮಿಹಿ ಎಸ್ಟ್ ಫಿಲಿಯುಸ್’ ಎಂದು ಹೇಳಬಹುದಿತ್ತು. ಮಿಹಿ ಅಂದರೆ ನನಗೆ. ಎಸ್ಟ್ ಅಂದರೆ ಇದ್ದಾನೆ. ಫಿಲಿಯುಸ್ ಅಂದರೆ ಮಗ. ನನಗೆ ಮಗ ಇದ್ದಾನೆ! ನನ್ನ ‘ಟು ಮಿ ಒನ್ ಬ್ರದರ್ ಈಸ್’ ರೋಮಿನಲ್ಲಿ ಸರಿಯಾಗಿರುತ್ತಿತ್ತು. ರಷ್ಯದವರು ಇವತ್ತಿಗೂ ‘ನನ್ನ ಬಳಿ ಇದೆ’ ಎನ್ನುವ ಥರವೇ ಹೇಳುತ್ತಾರೆ. ಹಿಂದಿಯವರ ‘ಮೇರೆ ಪಾಸ್’ ನಮಗೆಲ್ಲ ಗೊತ್ತೇ ಇದೆ. ತಮಿಳು, ತೆಲುಗಿನಲ್ಲೂ ‘ನನಗೆ ಇದೆ’ ಅನ್ನೋದೇ ದಾರಿ. ಎಮಿಲ್ ಬೆನ್ವೆನಿಸ್ತ್ ಎಂಬ ಫ್ರೆಂಚ್ ಭಾಷಾಪಂಡಿತ 1960ರಲ್ಲಿ ಈ ಬಗ್ಗೆ ಬರೆದ. ‘ಹ್ಯಾವ್’ ಥರದ ಕ್ರಿಯಾಪದ ಎಲ್ಲ ಭಾಷೆಗಳಲ್ಲೂ ಇರಲೇಬೇಕು ಎಂದುಕೊಳ್ಳಬೇಡಿ, ಅದು ಇಲ್ಲದ ಭಾಷೆಗಳೇ ಜಾಸ್ತಿ ಎಂದ. ‘ನನಗೆ ಇದೆ’ ಎನ್ನುತ್ತಿದ್ದ ಭಾಷೆಗಳು ಮುಂದೆ ‘ಹ್ಯಾವ್’ ಕಡೆಗೆ ಹೊರಳುತ್ತವೆ, ಹಿಂದಕ್ಕೆ ಬರೋದು ಅಪರೂಪ ಎಂದೂ ತೋರಿಸಿದ. ಇದನ್ನು ಓದಿದ ಮೇಲೆ ‘ಹೊಂದಿದ್ದೀರಿ’ ನೋಡಿದಾಗಲೆಲ್ಲ ನನಗೆ ಒಂಥರಾ ಅನ್ನಿಸುತ್ತದೆ. ನಾವೂ ಹೊರಳುತ್ತಿದ್ದೇವಾ? ನಮ್ಮ ಬಾಯಿ ಇನ್ನೂ ಒಪ್ಪಿಲ್ಲ. ಬರಹ ಮಾತ್ರ ಆಗಲೇ ಹೊರಟಿದೆ.

ನನಗೆ, ನನ್ನ ಹತ್ತಿರ, ನನ್ನಲ್ಲಿ

ಇಂಗ್ಲಿಷ್ ಒಂದೇ ಪದದಲ್ಲಿ ಕಟ್ಟಿಡುವುದನ್ನು ನಾವು ಮೂರು ಕಡೆ ಹಂಚಿ ಇಡುತ್ತೇವೆ. ನನಗೆ ತಮ್ಮ ಇದ್ದಾನೆ, ನನಗೆ ಶುಗರ್ ಇದೆ, ನನಗೆ ಸಾಲ ಇದೆ, ನನಗೆ ನೆನಪಿದೆ, ನನಗೆ ಪುರುಸೊತ್ತಿಲ್ಲ. ಆದರೆ ದುಡ್ಡು, ಪೆನ್ನು, ಫೋನು ಬಂದರೆ ‘ನನ್ನ ಹತ್ತಿರ ಇದೆ’. ಧೈರ್ಯ, ಶಕ್ತಿ, ಒಳ್ಳೆ ಗುಣ ಆದರೆ ‘ನನ್ನಲ್ಲಿ ಇದೆ’. ಯಾರೂ ಇದನ್ನು ನಮಗೆ ಕೂರಿಸಿಕೊಂಡು ಕಲಿಸಲಿಲ್ಲ. ಆದರೂ ಎರಡು ವರ್ಷದ ಮಗು ಕೂಡ ‘ನನ್ನ ಹತ್ರ ಬಾಲ್ ಇದೆ’ ಅನ್ನುತ್ತದೆ, ‘ನಂಗೆ ಬಾಲ್ ಇದೆ’ ಅನ್ನುವುದಿಲ್ಲ. ಬಾಲು ಇವತ್ತು ಇಲ್ಲಿ, ನಾಳೆ ಇನ್ನೊಬ್ಬರ ಹತ್ತಿರ. ತಮ್ಮ ಹಾಗಲ್ಲ. ಅವನು ಅಮೆರಿಕಕ್ಕೆ ಹೋದರೂ ನನಗೆ ಇರುತ್ತಾನೆ.

ಈ ವ್ಯತ್ಯಾಸದ ತೂಕ ನನಗೆ ಅರ್ಥವಾದದ್ದು ಅಮ್ಮನ ಬಾಯಲ್ಲೇ. ಪಕ್ಕದ ಬೀದಿಗೆ ಹೊಸದಾಗಿ ಬಂದ ಟೀಚರೊಬ್ಬರು ಮನೆಗೆ ಬಂದು ಮಾತಾಡುತ್ತಾ ಮಕ್ಕಳೆಷ್ಟು ಎಂದು ಕೇಳಿದರು. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, ‘ನಂಗಿಬ್ರು ಮಕ್ಳು. ನನ್ ಹತ್ರ ಒಬ್ರೂ ಇಲ್ಲ’ ಅಂದಳು. ನಾನು ಒಳಗಿದ್ದೆ, ಎರಡು ದಿನದ ರಜಕ್ಕೆ ಬಂದಿದ್ದೆ. ದೂರೋ ದನಿ ಇರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದಳು. ನಾನು ಇದನ್ನು ಎಷ್ಟೋ ಸಲ ಇಂಗ್ಲಿಷಿನಲ್ಲಿ ಹೇಳಿ ನೋಡಿದ್ದೇನೆ. ಅರ್ಥ ಬರುತ್ತದೆ. ಆದರೆ ‘ನನಗೆ’ ಮತ್ತು ‘ನನ್ನ ಹತ್ತಿರ’ ಎರಡರ ನಡುವೆ ಅಮ್ಮ ಬಿಟ್ಟ ಆ ಜಾಗ ಬರುವುದಿಲ್ಲ.

ಉಳ್ಳವರು

ಇಲ್ಲಿಗೆ ಬಂದಾಗ ಒಂದು ಆಸೆ ಹುಟ್ಟುತ್ತದೆ. ನಮ್ಮ ಭಾಷೆಯಲ್ಲಿ ಹಿಡಿಯುವ ಪದ ಇಲ್ಲ, ಆದ್ದರಿಂದ ನಾವು ಹಿಡಿದುಕೊಳ್ಳುವ ಜನ ಅಲ್ಲ ಎಂದು ಹೇಳಿಬಿಡುವ ಆಸೆ. ನಾನೂ ಕೆಲವು ದಿನ ಹಾಗೇ ನಂಬಿದ್ದೆ. ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ಕ್ರಯಪತ್ರ ಓದಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ‘ಸದರಿ ಸ್ವತ್ತು ನನ್ನ ಸ್ವಾಧೀನಾನುಭವದಲ್ಲಿ ಇರುತ್ತದೆ’ ಎಂದು ಅದರಲ್ಲಿ ಬರೆದಿತ್ತು. ಕ್ರಿಯಾಪದ ಅದೇ ಮೆತ್ತನೆಯ ‘ಇರು’. ಆದರೆ ಆ ‘ಇರುತ್ತದೆ’ಗಾಗಿ ನಮ್ಮ ಅಜ್ಜ ಮತ್ತು ಅವರ ಅಣ್ಣ ಎಷ್ಟೋ ವರ್ಷ ಕೋರ್ಟಿಗೆ ಅಲೆದರು, ಒಂದೇ ಬೀದಿಯಲ್ಲಿದ್ದೂ ಮಾತು ಬಿಟ್ಟರು. ಬದುವಿನ ಮೇಲಿನ ಎರಡು ತೆಂಗಿನ ಮರಕ್ಕೆ! ಹಿಡಿಯಲು ‘ಹ್ಯಾವ್’ ಬೇಕಾಗಿಲ್ಲ.

ಹನ್ನೆರಡನೇ ಶತಮಾನದಲ್ಲೇ ಬಸವಣ್ಣ ಶಿವಾಲಯ ಕಟ್ಟಿಸುವವರನ್ನು ‘ಉಳ್ಳವರು’ ಎಂದು ಕರೆದರು. ಆ ಪದದ ಒಳಗೆ ಇರುವುದೂ ‘ಉಳ್’, ಅಂದರೆ ಇರು. ಇರುವವರು. ಎದುರಿಗೆ ಇಲ್ಲದವರು. ಇಂಗ್ಲಿಷಿನಲ್ಲಿ ‘ಹ್ಯಾವ್ಸ್’ ಮತ್ತು ‘ಹ್ಯಾವ್ ನಾಟ್ಸ್’ ಎನ್ನುವುದನ್ನು ನಾವು ಉಳ್ಳವರು, ಇಲ್ಲದವರು ಎನ್ನುತ್ತೇವೆ. ನನಗೆ ನಮ್ಮದು ಇನ್ನೂ ಕಠಿಣವಾಗಿ ಕೇಳಿಸುತ್ತದೆ. ಅಲ್ಲಿ ಬಡವನ ಹತ್ತಿರ ವಸ್ತು ಇಲ್ಲ, ಅಷ್ಟೇ. ಇಲ್ಲಿ ‘ಇಲ್ಲದವರು’ ಅಂದಾಗ ಆ ಮನುಷ್ಯರೇ ಇಲ್ಲವೇನೋ ಎಂಬಂತೆ ಆಗುತ್ತದೆ. ಅದೇ ವಚನದ ಕೊನೆಗೆ ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ ಎಂದು ಬರುತ್ತದೆ. ಸ್ಥಾವರಕ್ಕೆ ಉಂಟು, ಜಂಗಮಕ್ಕೆ ಇಲ್ಲ. ‘ನನಗೆ ಒಬ್ಬ ತಮ್ಮ ಇದ್ದಾನೆ’ ಎನ್ನುವಾಗಿನ ‘ಗೆ’, ‘ಕ್ಕೆ’ಯೇ ಅಲ್ಲೂ ಇರೋದು. ಚಿಕ್ಕಂದಿನಿಂದ ಬಾಯಿಪಾಠ ಇದ್ದ ಸಾಲು. ನಾನು ಇದನ್ನು ಕಂಡಿದ್ದು ಈಗ.

ಹೋಗಿದ್ದಾರೆ

‘ಹ್ಯಾವ್’ನ ಇನ್ನೊಂದು ಕೆಲಸದ ಬಗ್ಗೆ ಹೇಳದೆ ಮುಗಿಸಲಾರೆ. ‘ಐ ಹ್ಯಾವ್ ರಿಟನ್ ಎ ಲೆಟರ್.’ ಬರೆದದ್ದಕ್ಕೂ ಹಿಡಿಯುವುದಕ್ಕೂ ಏನು ಸಂಬಂಧ? ಹಿಂದೆ ಅದು ನಿಜವಾಗಿಯೂ ಹಿಡಿದುಕೊಂಡದ್ದೇ ಆಗಿತ್ತು. ‘ನನ್ನ ಕೈಯಲ್ಲಿ ಪತ್ರ ಇದೆ, ಬರೆದು ಮುಗಿದದ್ದು’ ಎಂಬ ಥರದ ಮಾತು. ಬರುಬರುತ್ತಾ ಕೈಯಲ್ಲಿರುವ ವಸ್ತು ಮರೆಯಾಗಿ, ಮುಗಿದ ಕೆಲಸ ಮಾತ್ರ ಉಳಿಯಿತು. ಹೋಗುವುದು, ಬರುವುದು ಮೊದಲಾದ ಮಾತುಗಳಿಗೆ ಮಾತ್ರ ಇಂಗ್ಲಿಷಿನವರೂ ಬಹಳ ಕಾಲ ‘ಈಸ್’ ಇಟ್ಟುಕೊಂಡಿದ್ದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಏಸು ಸಮಾಧಿಯಿಂದ ಎದ್ದದ್ದನ್ನು ‘ಹೀ ಈಸ್ ರಿಸನ್’ ಎಂದಿದ್ದಾರೆ. ಎದ್ದು ಇದ್ದಾನೆ. ಎದ್ದಿದ್ದಾನೆ.

ನಮ್ಮದು ಪೂರ್ತಿ ಆ ದಾರಿಯೇ. ಬಂದು ಇದ್ದಾರೆ, ಬಂದಿದ್ದಾರೆ. ಬರೆದು ಇದ್ದೇನೆ, ಬರೆದಿದ್ದೇನೆ. ಮಾಡಿ ಮುಗಿಸಿದ್ದರ ಒಳಗೂ ನಾವು ‘ಇರು’ವನ್ನು ಕೂರಿಸುತ್ತೇವೆ. ಅದಕ್ಕೇ ‘ಅಪ್ಪ ತೋಟಕ್ಕೆ ಹೋಗಿದ್ದಾರೆ’ ಅಂದರೆ ತೋಟದಲ್ಲಿ ಇದ್ದಾರೆ, ವಾಪಸ್ ಬರುತ್ತಾರೆ. ತೀರಿಕೊಂಡವರ ಬಗ್ಗೆ ಯಾರೂ ‘ಹೋಗಿದ್ದಾರೆ’ ಎನ್ನುವುದಿಲ್ಲ. ‘ಹೋದರು’ ಎನ್ನುತ್ತೇವೆ. ‘ಹೋಗಿಬಿಟ್ಟರು’ ಎನ್ನುತ್ತೇವೆ. ಅಲ್ಲಿ ‘ಇರು’ ಬರುವುದಿಲ್ಲ.

ನಮ್ಮ ಅಪ್ಪ ಹೋದಾಗ ಪೇಪರಿನ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬಂತು. ಕೊನೆಯ ಸಾಲು ಎಲ್ಲರಿಗೂ ಬರುವಂಥದ್ದೇ: ‘ಮೃತರಿಗೆ ಪತ್ನಿ, ಪುತ್ರ, ಪುತ್ರಿ ಇದ್ದಾರೆ.’ ಆಗ ಓದಿ ಮಡಿಸಿಟ್ಟೆ. ಈಚೆಗೆ ತೆಗೆದು ನೋಡಿದಾಗ ಆ ‘ಮೃತರಿಗೆ’ ಮೇಲೆ ಕಣ್ಣು ನಿಂತಿತು. ಅಪ್ಪ ಇಲ್ಲ. ಆದರೂ ಅಪ್ಪನಿಗೆ ನಾವು ಇದ್ದೇವೆ. ಇದ್ದರು ಅಲ್ಲ, ಇದ್ದಾರೆ. ಇಂಗ್ಲಿಷಿನಲ್ಲಿ ಸತ್ತವರ ಬಗ್ಗೆ ‘ಹೀ ಹ್ಯಾಸ್’ ಎಂದು ಹೇಳಲು ಬರುವುದಿಲ್ಲ. ಹಿಡಿಯುವವರು ಹೋದ ಮೇಲೆ ಹಿಡಿತ ಎಲ್ಲಿಂದ? ನಮ್ಮ ಸಾಲಿನಲ್ಲಿ ಯಾರೂ ಯಾರನ್ನೂ ಹಿಡಿದಿಲ್ಲ, ಹಾಗಾಗಿ ಬಿಡುವ ಮಾತೂ ಇಲ್ಲ. ಹಳ್ಳಿಯ ಸುದ್ದಿ ಕಳಿಸುವ ಯಾರೋ ಬರೆದ, ದಿನವೂ ಅಚ್ಚಾಗುವ ಸಾಲು ಅದು. ಕೆಲವು ಕಡೆ ಈಗ ‘ಮೃತರು ಪತ್ನಿ ಹಾಗೂ ಇಬ್ಬರು ಮಕ್ಕಳನ್ನು ಹೊಂದಿದ್ದರು’ ಎಂದು ಬರೆಯುತ್ತಾರೆ. ದಯವಿಟ್ಟು ಬರೆಯಬೇಡಿ.

ಅಪ್ಪ ಹೋಗಿ ಮೂರು ವಾರ ಆಗಿತ್ತು. ನಮ್ಮದು ತಿಪಟೂರು ಕಡೆ, ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿ ಆಗುತ್ತದೆ. ಅಪ್ಪ ಹಿಂದಿನ ವರ್ಷ ಹಾಕಿದ್ದ ಕಾಯಿ ಆಗಷ್ಟೇ ಕೊಬ್ಬರಿಯಾಗಿತ್ತು. ಒಂದು ಬೆಳಗ್ಗೆ ಕೊಬ್ಬರಿ ವ್ಯಾಪಾರದವರು ಗಾಡಿ ನಿಲ್ಲಿಸಿ ಗೇಟಿನಿಂದಲೇ ಕೂಗಿದರು. ಪ್ರತಿ ವರ್ಷ ಬರುವವರು, ದೂರದ ಊರಿನವರು, ಸುದ್ದಿ ಮುಟ್ಟಿರಲಿಲ್ಲ.

‘ಯಜಮಾನ್ರು ಇದಾರೇನಮ್ಮಾ?’

ಮನೆಯಲ್ಲಿದ್ದಾರಾ ಎಂದು ಅವರು ಕೇಳಿದ್ದು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹಿಟ್ಟಿತ್ತು.

‘ಇಲ್ಲ’ ಅಂದಳು.

‘ಸರಿ, ಸಂಜೆ ಬರ್ತೀನಿ ಬಿಡಿ’ ಎಂದು ಗಾಡಿ ಸ್ಟಾರ್ಟ್ ಮಾಡಿದರು. ಸದ್ದು ತಿರುವಿನವರೆಗೂ ಕೇಳಿಸಿತು. ನಾನು ‘ಯಾಕಮ್ಮ ಹೇಳಲಿಲ್ಲ?’ ಅಂದೆ.

‘ಹೇಳಿದ್ನಲ್ಲ’ ಅಂದಳು ಅಮ್ಮ. ಒಳಗೆ ಹೋಗಿ ರೊಟ್ಟಿ ತಟ್ಟಿದಳು. ಸಂಜೆ ಅವರು ಬಂದಾಗ ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಇನ್ನೊಂದು ಸಲ ಹೇಳಿದಳು.